ಹೋಮ್ ಕೇರ್ ಏಜೆನ್ಸಿ ರಿವ್ಯೂ: ಹುಡುಗಿ ಬಂಗಾರ, ಆಫೀಸು ಬರೀ ಬಿಲ್ಲಿಗೆ

5ಕ್ಕೆ ಎರಡೂವರೆ ಸ್ಟಾರು, ಅದ್ರಲ್ಲಿ ಎರಡು ನಮ್ಮನೆಗೆ ಬಂದ ಹುಡುಗಿಗೆ, ಅರ್ಧ ಮಾತ್ರ ಏಜೆನ್ಸಿಗೆ. ಹೆಸರು ಹಾಕಲ್ಲ, ಬೆಂಗಳೂರಲ್ಲಿ ಈ ತರದ್ದು ಗಲ್ಲಿಗೊಂದಿದೆ.

ನಮ್ಮತ್ತೆಗೆ ಸ್ಟ್ರೋಕ್ ಆಗಿ ಬಲಗಡೆ ಸ್ವಾಧೀನ ಇಲ್ಲ, ಮೂಗಲ್ಲಿ ರೈಲ್ಸ್ ಟ್ಯೂಬು (ಮೂಗಿಂದ ಹೊಟ್ಟೆಗೆ ಊಟ ಬಿಡೋ ನಳಿಗೆ), ಜೊತೆಗೆ ಯೂರಿನ್ ಬ್ಯಾಗು. ಫೋನಲ್ಲಿ "ಟ್ರೈನ್ಡ್ ನರ್ಸ್ ಕಳಿಸ್ತೀವಿ ಮೇಡಂ, ಎಲ್ಲಾ ವೆರಿಫೈಡು" ಅಂದ್ರು, ರಿಜಿಸ್ಟ್ರೇಷನ್ ಫೀಸು, ತಿಂಗಳ ಅಡ್ವಾನ್ಸು ಎಲ್ಲಾ ಮೊದ್ಲೇ ಇಸ್ಕೊಂಡ್ರು. ಬಂದಿದ್ದು ರಾಯಚೂರು ಕಡೆ ಹುಡುಗಿ, ಪಿಯುಸಿ ಓದಿ ಅಟೆಂಡರ್ ಕೆಲಸ ಮಾಡ್ತಾ ಮಾಡ್ತಾನೇ ಕಲ್ತಿರೋಳು. ನರ್ಸ್ ಅಂದ್ರೆ ಜಿಎನ್‌ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾನೋ ಬಿಎಸ್‌ಸಿ ನರ್ಸಿಂಗೋ ಮುಗಿಸಿ ಸ್ಟೇಟ್ ನರ್ಸಿಂಗ್ ಕೌನ್ಸಿಲಲ್ಲಿ ರಿಜಿಸ್ಟರ್ ಆಗಿರ್ಬೇಕಲ್ವಾ, ನಂಬರ್ ಕೊಡಿ ಅಂದ್ರೆ "ಅಯ್ಯೋ ಮೇಡಂ ಅದೆಲ್ಲಾ ಐಸಿಯು ಕೇಸ್‌ಗೆ" ಅಂತಾರೆ. ಹಾಗಿದ್ರೆ ನರ್ಸ್ ಅಂತ ಯಾಕ್ರಿ ಹೇಳ್ತೀರಾ, ಅಟೆಂಡರ್ ಅನ್ನಿ, ಅಟೆಂಡರ್ ರೇಟ್ ತಗೊಳಿ!

ಮೊದಲ್ನೇ ದಿನ ಅತ್ತೆನ ಅಂಗಾತ ಮಲಗಿಸಿದ ಹಾಗೇ ಸಿರಿಂಜಲ್ಲಿ ರಾಗಿ ಗಂಜಿ ಬಿಡೋಕೆ ಹೋದ್ಲು. ತಕ್ಷಣ ತಡೆದೆ. ತಲೆ ಕಡೆ 30ರಿಂದ 45 ಡಿಗ್ರಿ ಎತ್ತಿರ್ಬೇಕು, ಕೊಟ್ಟಾದ್ಮೇಲೂ ಅರ್ಧ ಮುಕ್ಕಾಲು ಗಂಟೆ ಹಾಗೇ ಇರ್ಬೇಕು, ಇಲ್ಲಾಂದ್ರೆ ಗಂಜಿ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುತ್ತೆ ಅಂತ ವಾರ್ಡ್ ಸಿಸ್ಟರ್ ನಮಗೆ ಹೇಳ್ಕೊಟ್ಟಿದ್ರು. ಇವಳಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಒಂದ್ಸಲ ತೋರಿಸಿದ್ದಷ್ಟೇ, ಮಾರನೇ ದಿನದಿಂದ ಮೂಗಿನ ಹತ್ರ ಟ್ಯೂಬ್ ಮೇಲೆ ಪೆನ್ನಲ್ಲಿ ಗುರುತು ಹಾಕ್ಕೊಂಡು, ಅದು ಜರುಗಿಲ್ಲ ಅಂತ ನೋಡಿನೇ ಸಿರಿಂಜ್ ಮುಟ್ತಿದ್ಲು. ಎರಡು ಗಂಟೆಗೊಮ್ಮೆ ಮೊಬೈಲಲ್ಲಿ ಅಲಾರಾಂ, "ಅಮ್ಮಾರ, ಸ್ವಲ್ಪ ಈ ಕಡಿ ಹೊಳ್ಳ್ರಿ" ಅಂತ ಮಗ್ಗಲು ಬದಲಿಸಿ ಹಿಮ್ಮಡಿ, ಸೊಂಟದ ಕೆಳಗೆ ಕೆಂಪಾಗಿದ್ಯಾ ಅಂತ ಟಾರ್ಚ್ ಬಿಟ್ಟು ನೋಡೋಳು. ಯೂರಿನ್ ಬ್ಯಾಗ್ ಕಿಬ್ಬೊಟ್ಟೆಗಿಂತ ಕೆಳಗೇ ಇರ್ಬೇಕು, ಆದ್ರೆ ನೆಲಕ್ಕೆ ತಾಗಬಾರ್ದು ಅನ್ನೋದು ಅವಳಿಗೇ ಗೊತ್ತಿತ್ತು.

ಈಗ ಲೆಕ್ಕ ಹಾಕಿ, ಎರಡು ಗಂಟೆಗೊಮ್ಮೆ ಏಳೋಳು 24 ಗಂಟೆ ಡ್ಯೂಟಿಲಿ ನಿದ್ದೆ ಮಾಡೋದ್ಯಾವಾಗ? ವಾರದ ರಜೆನೂ ಇಲ್ಲ. ನಿದ್ದೆಗಣ್ಣಲ್ಲಿ ಮಾತ್ರೆ ಅದಲು ಬದಲು ಆದ್ರೆ ಯಾರು ಹೊಣೆ, ಈ 24 ಗಂಟೆ ಪ್ಯಾಕೇಜ್ ಅನ್ನೋದೇ ಡೇಂಜರ್ ಅಂತ ನನಗನ್ಸುತ್ತೆ. ರಾತ್ರಿ ಪಾಳಿ ನಾನು ನಮ್ಮನೆಯವ್ರು ಹಂಚ್ಕೊಂಡ್ವಿ.

ಅವಳು ಜಾತ್ರೆಗೆ ಊರಿಗೆ ಹೋದಾಗ ರಿಪ್ಲೇಸ್‌ಮೆಂಟ್ ಅಂತ ಬಂದೋಳು ಮಾತ್ರ ಬೇಡಪ್ಪಾ ಬೇಡ. ಆಧಾರ್ ಕಾಪಿನೂ ಇಲ್ಲ, ಪೊಲೀಸ್ ವೆರಿಫಿಕೇಷನ್ ಕೇಳಿದ್ರೆ "ಪ್ರೋಸೆಸಲ್ಲಿದೆ". ಪೇಷೆಂಟ್‌ಗೆ ಏನಾಗಿದೆ ಅಂತನೇ ಅವಳಿಗೆ ಆಫೀಸವ್ರು ಹೇಳಿಲ್ಲ. ನಾವಿಬ್ರೂ ಕೆಲಸಕ್ಕೆ ಹೋದ್ಮೇಲೆ ರೀಲ್ಸ್ ನೋಡ್ತಾ ಕೂತಿದ್ಲಂತೆ, ಸಂಜೆ ಬಂದು ನೋಡಿದ್ರೆ ಬೆಳಿಗ್ಗೆ ಬಿಟ್ಟೋದ ಮಗ್ಗಲಲ್ಲೇ ಅತ್ತೆ, ಸೊಂಟದ ಕೆಳಗೆ ಕೆಂಪು, ಬೆರಳಲ್ಲಿ ಒತ್ತಿದ್ರೂ ಬಣ್ಣ ಬದಲಾಗ್ತಿಲ್ಲ, ಅಂದ್ರೆ ಬೆಡ್‌ಸೋರ್ (ಒಂದೇ ಕಡೆ ಮಲಗಿ ಆಗೋ ಹುಣ್ಣು) ಶುರು. ವಾರಕ್ಕೊಂದ್ಸಲ ಬರ್ಬೇಕಾದ ಸೂಪರ್‌ವೈಸರ್ ಒಂದೇ ಸಲ ಬಂದಿದ್ದು, ಅದೂ ಫಾರ್ಮ್‌ಗೆ ಸೈನ್ ಹಾಕಿಸ್ಕೊಳ್ಳೋಕೆ, ಪೇಷೆಂಟ್ ರೂಮಿಗೆ ಕಾಲೇ ಇಡ್ಲಿಲ್ಲ.

ಹಿರಿಯ ನಾಗರಿಕರ ಕಾಯ್ದೆಗೆ 2019ರಲ್ಲಿ ಒಂದು ತಿದ್ದುಪಡಿ ಮಸೂದೆ ತಂದಿದ್ರು, ಹೋಮ್ ಕೇರ್ ಏಜೆನ್ಸಿಗಳು ರಿಜಿಸ್ಟರ್ ಆಗ್ಬೇಕು, ಕನಿಷ್ಠ ಗುಣಮಟ್ಟ ಇರ್ಬೇಕು ಅಂತ ಅದ್ರಲ್ಲಿತ್ತು, ಪಾಸೇ ಆಗ್ಲಿಲ್ಲ. ಹಾಗಾಗಿ ಟ್ಯೂಬು, ಇಂಜೆಕ್ಷನ್ ಇರೋ ಕೇಸಾದ್ರೆ ಕೌನ್ಸಿಲ್ ನಂಬರ್ ಕೈಗೆ ಬರೋವರ್ಗೂ ದುಡ್ಡು ಕಟ್ಟಬೇಡಿ, ರಜೆ ಹಾಕಿದ್ರೆ ಯಾರು ಬರ್ತಾರೆ, ಅವ್ರಿಗೆ ಕೇಸ್ ಯಾರು ಹೇಳ್ತಾರೆ ಅಂತ ಮೊದ್ಲೇ ಬರೆಸ್ಕೊಳಿ. ಬರೀ ಸ್ನಾನ, ಊಟ, ಓಡಾಡಿಸೋದಾದ್ರೆ 12 ಗಂಟೆ ಅಟೆಂಡರ್ ಸಾಕು, ಅಷ್ಟಕ್ಕೆ ಈ ಏಜೆನ್ಸಿ ಪರವಾಗಿಲ್ಲ.

ಹುಡುಗಿ ಊರಿಂದ ವಾಪಸ್ ಬಂದ್ಮೇಲೆ ಅವಳನ್ನ ಬೇರೆ ಮನೆಗೆ ಹಾಕಿದ್ರು, ನಾವೂ ಬಿಟ್ವಿ. ಉಳಿದ ಅಡ್ವಾನ್ಸ್ ಕೇಳಿದ್ರೆ ಅಕೌಂಟ್ಸ್‌ನವ್ರು ರಜೆಲಿದಾರಂತೆ.