ಅಯುತ್ಥಯಾನೋ ಸುಖೋಥಾಯೋ: ಲೆಕ್ಕ ಹಾಕಬೇಕಾದದ್ದು ರಾತ್ರಿಗಳನ್ನು

ಥಾಯ್ಲೆಂಡಿನ ಎರಡು ಹಳೆಯ ರಾಜಧಾನಿಗಳಲ್ಲಿ ಒಂದನ್ನಷ್ಟೇ ನೋಡಲು ಸಮಯವಿದ್ದರೆ ಯಾವುದಕ್ಕೆ ಹೋಗಬೇಕು? ಎರಡೂ 1991ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಎರಡೂ ಕಡೆ ಮುರಿದ ಇಟ್ಟಿಗೆ, ಕೂತ ಬುದ್ಧ, ಬಾಡಿಗೆ ಸೈಕಲ್ಲು. ಫೋಟೋ ನೋಡಿ ಆರಿಸಲು ಹೊರಟರೆ ತಲೆ ಕೆಡುತ್ತದೆ. ಎರಡೂ ಊರುಗಳನ್ನು ಪೆಡಲ್ ತುಳಿದು ಸುತ್ತಿದ ಮೇಲೆ ನಮಗೆ ಅನ್ನಿಸಿದ್ದು ಇಷ್ಟು: ಕೈಯಲ್ಲಿ ಹಗಲು ಮಾತ್ರ ಇದ್ದರೆ ಅಯುತ್ಥಯಾ, ಎರಡು ರಾತ್ರಿ ಇದ್ದರೆ ಕಣ್ಣು ಮುಚ್ಚಿಕೊಂಡು ಸುಖೋಥಾಯ್.

ಅಯುತ್ಥಯಾ ಬ್ಯಾಂಕಾಕಿನಿಂದ ಉತ್ತರಕ್ಕೆ ಸುಮಾರು 80 ಕಿ.ಮೀ. ರೈಲಿನಲ್ಲಿ ಒಂದೂವರೆಯಿಂದ ಎರಡು ಗಂಟೆ. ಎಡವುವುದು ನಿಲ್ದಾಣದ ವಿಷಯದಲ್ಲಿ. 2023ರ ಜನವರಿಯಿಂದ ದೂರದ ಎಕ್ಸ್‌ಪ್ರೆಸ್ ರೈಲುಗಳು ಬಾಂಗ್ ಸೂ ಬಳಿಯ ಹೊಸ ಕ್ರುಂಗ್ ಥೇಪ್ ಅಫಿವಾಟ್ ನಿಲ್ದಾಣದಿಂದ ಹೊರಡುತ್ತವೆ, ಅಗ್ಗದ ಆರ್ಡಿನರಿ ರೈಲುಗಳು ಹಳೆಯ ಹುವಾ ಲಾಂಪೋಂಗ್‌ನಲ್ಲೇ ಉಳಿದಿವೆ. ಹಳೆಯ ಬರಹ ನಂಬಿ ಹೋದವರು ಟಿಕೆಟ್ ಒಂದು ಕಡೆ, ರೈಲು ಇನ್ನೊಂದು ಕಡೆ ಎಂಬಂತಾಗುತ್ತಾರೆ. ಮೂರನೇ ದರ್ಜೆಗೆ 20 ಬಾತ್ (ಥಾಯ್ ಹಣ) ಆಸುಪಾಸು, ಸೀಟು ಕಾಯ್ದಿರಿಸುವ ಗೊಡವೆಯಿಲ್ಲ. ಎಸಿ ಎಕ್ಸ್‌ಪ್ರೆಸ್ಸಿಗೆ ಅದರ ಹಲವು ಪಟ್ಟು ಕೊಟ್ಟರೂ ಉಳಿಯುವ ಸಮಯ ಅಷ್ಟಕ್ಕಷ್ಟೇ. ಇಳಿದ ಮೇಲೆ ಎದುರಿನ ಬೀದಿಯಲ್ಲಿ ನೇರ ನಡೆದರೆ ಪಾ ಸಕ್ ನದಿಯ ದೋಣಿಕಟ್ಟೆ. ಹತ್ತು ಬಾತ್ ಆಸುಪಾಸಿನಲ್ಲಿ ಅವಶೇಷಗಳಿರುವ ಆಚೆ ದಡ ಸೇರಬಹುದು.

ಸುಖೋಥಾಯ್ ಹಾಗಲ್ಲ. ಬ್ಯಾಂಕಾಕಿನಿಂದ 400 ಕಿ.ಮೀ.ಗೂ ಹೆಚ್ಚು ದೂರ, ಅಲ್ಲಿನ ಮೋ ಚಿಟ್ ಬಸ್ ನಿಲ್ದಾಣದಿಂದ ಆರೇಳು ಗಂಟೆ. ರೈಲು ಊರಿಗೇ ಹೋಗುವುದಿಲ್ಲ. ಫಿಟ್ಸನುಲೋಕ್‌ನಲ್ಲಿ ಇಳಿದು ಇನ್ನೂ ಒಂದು ಗಂಟೆಗೂ ಮೀರಿ ಬಸ್ಸು. ಅದಕ್ಕಿಂತ ದೊಡ್ಡ ಬಲೆ ಇನ್ನೊಂದಿದೆ: ಬಸ್ಸು ಬಿಡುವುದು ಸಾಮಾನ್ಯವಾಗಿ ಹೊಸ ಸುಖೋಥಾಯ್‌ನಲ್ಲಿ, ಅವಶೇಷಗಳಿರುವುದು ಅಲ್ಲಿಂದ 12 ಕಿ.ಮೀ. ಪಶ್ಚಿಮದ ಹಳೇ ಊರಿನಲ್ಲಿ. ನಡುವೆ ಓಡುವ ಸೋಂಗ್‌ಥೇವ್, ಅಂದರೆ ಹಿಂದೆ ಎರಡು ಬೆಂಚು ಹಾಕಿದ ಟೆಂಪೋ, ಸಂಜೆಯಾಗುತ್ತಲೇ ವಿರಳವಾಗುತ್ತದೆ. ಅಗ್ಗವೆಂದು ಹೊಸ ಊರಿನಲ್ಲಿ ರೂಮು ಮಾಡಿದರೆ ಬೆಳಗಿನ ಬೆಳಕೂ ಹೋಯಿತು, ಸಂಜೆಯದೂ ಹೋಯಿತು. ಹಳೇ ಊರಿನ ಬಾಗಿಲಲ್ಲೇ ತಂಗಬೇಕು.

ಅಯುತ್ಥಯಾ 1350ರ ಸುಮಾರಿಗೆ ಎದ್ದ ನಗರ. ಚಾವೊ ಫ್ರಾಯಾ, ಲೋಪ್‌ಬುರಿ, ಪಾ ಸಕ್ ನದಿಗಳು ಸುತ್ತುವರಿದ ದ್ವೀಪ. 1767ರಲ್ಲಿ ಬರ್ಮಾದ ಸೇನೆ ಸುಟ್ಟು ಕೆಡವಿತು. ಆದರೆ ಊರು ಸಾಯಲಿಲ್ಲ. ಇವತ್ತು ಚೇದಿಗಳ, ಅಂದರೆ ಸ್ತೂಪಗಳ, ಪಕ್ಕದಲ್ಲೇ ಶಾಲೆ, ಬ್ಯಾಂಕು, ಟ್ರಾಫಿಕ್ಕು. ಹೀಗಾಗಿ ಸೈಕಲ್ ಬಾಡಿಗೆ ದಿನಕ್ಕೆ 50 ಬಾತ್ ಆಸುಪಾಸು ಇದ್ದರೂ ಲಾರಿಗಳ ಜೊತೆ ರಸ್ತೆ ಹಂಚಿಕೊಳ್ಳಬೇಕು. ಮಧ್ಯಾಹ್ನ 12ರಿಂದ 3ರವರೆಗೆ ತುಳಿಯಲೇಬಾರದು. ಇಟ್ಟಿಗೆ ನೆಲ ಕಾದ ಹೆಂಚು. ಟುಕ್‌ಟುಕ್ ಗಂಟೆಗೆ 200ರಿಂದ 300 ಬಾತ್. ಹತ್ತುವ ಮೊದಲೇ ಎಷ್ಟು ಗಂಟೆ, ಯಾವ ಯಾವ ವಾಟ್ (ಬೌದ್ಧ ದೇಗುಲ) ಎಂದು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿ ಒಪ್ಪಿಸಿಕೊಳ್ಳಿ.

ಎಲ್ಲವನ್ನೂ ನೋಡುವ ಹಟ ಇಲ್ಲಿ ಬೇಡ. ಐದನೇ ವಾಟ್ ಹೊತ್ತಿಗೆ ಎಲ್ಲವೂ ಒಂದೇ ಥರ ಕಾಣುತ್ತವೆ. ವಾಟ್ ಮಹಾಥಾತ್‌ಗೆ (ನಮ್ಮ 'ಮಹಾಧಾತು' ಪದವೇ) ಬಾಗಿಲು ತೆರೆಯುತ್ತಲೇ ಹೋಗಿ: ಮರದ ಬೇರುಗಳ ಹೆಣಿಗೆಯೊಳಗೆ ಸಿಕ್ಕಿಕೊಂಡ ಬುದ್ಧನ ಶಿರ ಅಲ್ಲಿದೆ. ಶಿರ ನೆಲಕ್ಕೆ ಹತ್ತಿರ, ನಮ್ಮ ತಲೆ ಅದಕ್ಕಿಂತ ಮೇಲಿರಬಾರದು. ಕುಕ್ಕರಗಾಲಲ್ಲಿ ಕೂತೇ ಫೋಟೋ ತೆಗೆಯಬೇಕು. ಪಕ್ಕದ ವಾಟ್ ರಾಚಬುರಾಣದ ನೆಲಮಾಳಿಗೆಗೆ 1957ರಲ್ಲಿ ಕಳ್ಳರು ಕನ್ನ ಹಾಕಿದ ಮೇಲೆಯೇ ಒಳಗಿದ್ದ ಚಿನ್ನ ಹೊರಜಗತ್ತಿಗೆ ಗೊತ್ತಾದದ್ದು. ಉಳಿದ ಆಭರಣಗಳು ಚಾವೊ ಸಾಮ್ ಫ್ರಾಯಾ ಮ್ಯೂಸಿಯಮ್ಮಿನಲ್ಲಿವೆ, ಬಿಸಿಲಿನ ಆ ಮೂರು ಗಂಟೆ ಕಳೆಯಲು ಅದೇ ಸರಿಯಾದ ಜಾಗ. ವಾಟ್ ಫ್ರಾ ಸೀ ಸಾನ್‌ಫೆಟ್‌ನ ಸಾಲಾದ ಮೂರು ಚೇದಿಗಳನ್ನು ಬಿಡಬೇಡಿ ('ಸೀ ಸಾನ್‌ಫೆಟ್' ಎಂದರೆ ಶ್ರೀ ಸರ್ವಜ್ಞ, ಹೇಳುವಾಗ ಗುರುತೇ ಸಿಗದು). ಸಂಜೆಗೆ 1630ರಲ್ಲಿ ಕಟ್ಟಿಸಲು ತೊಡಗಿದ ವಾಟ್ ಚಾಯ್‌ವತ್ಥನಾರಾಮ್. ಇದು ದ್ವೀಪದಾಚೆ, ನದಿಯ ಪಶ್ಚಿಮ ದಡದಲ್ಲಿದೆ. ಮುಖ ಪೂರ್ವಕ್ಕಿರುವುದರಿಂದ ಸಂಜೆ ಸೂರ್ಯ ಪ್ರಾಂಗ್‌ಗಳ, ಅಂದರೆ ಗೋಪುರಗಳ, ಬೆನ್ನಿಗೆ ಇಳಿಯುತ್ತಾನೆ. ಒಳಗಿನಿಂದ ತೆಗೆದ ಫೋಟೋ ಕಪ್ಪಾಗುತ್ತದೆ, ಎದುರು ದಡದಿಂದ ತೆಗೆದದ್ದೇ ಚೆಂದ. 2018ರಲ್ಲಿ ಒಂದು ಟೀವಿ ಧಾರಾವಾಹಿ ಗೆದ್ದ ಮೇಲೆ ಹಳೇ ಕಾಲದ ಉಡುಪು ಬಾಡಿಗೆಗೆ ತೊಟ್ಟ ಥಾಯ್ ಹುಡುಗಿಯರ ದಂಡೇ ಇಲ್ಲಿಗೆ ಬರುತ್ತದೆ. ಗದ್ದಲ ಹೌದು, ಆದರೆ ಜರತಾರಿ ಬಟ್ಟೆ ಕಂಡಾಗ ಆ ಇಟ್ಟಿಗೆಗಳಿಗೂ ಜೀವ ಬಂದಂತೆ.

ಸುಖೋಥಾಯ್ ಅದಕ್ಕಿಂತ ಹಿಂದಿನದು, 13ನೇ ಶತಮಾನದ್ದು. ಹೆಸರು 'ಸುಖೋದಯ'. ಕಟ್ಟಡಗಳಲ್ಲಿ ಇಟ್ಟಿಗೆಯ ಜೊತೆಗೆ ಜಂಬಿಟ್ಟಿಗೆ, ನಮ್ಮ ಕರಾವಳಿಯ ಮುರಕಲ್ಲು ಜಾತಿಯದ್ದೇ. ಮಳೆ ಬಿದ್ದ ಮಾರನೇ ಬೆಳಗ್ಗೆ ಕಂಬಗಳು ಕಡು ಕೆಂಪಾಗಿ ಕಾಣುತ್ತವೆ. ಸೈಕಲ್ ಬಾಡಿಗೆ ಅಯುತ್ಥಯಾಕ್ಕಿಂತ ಕಡಿಮೆ, ನಡುವಲಯದೊಳಗೆ ಬಹುತೇಕ ಸೈಕಲ್ ಮತ್ತು ಮರದ ನೆರಳು ಮಾತ್ರ. ತಾವರೆ ಮೊಗ್ಗಿನ ಆಕಾರದ ಚೇದಿ, ಒಂದು ಹಿಮ್ಮಡಿ ಎತ್ತಿ ನಡೆಯುವ ಬುದ್ಧ: ಇವೆರಡೂ ಸುಖೋಥಾಯ್ ಶಿಲ್ಪಿಗಳ ಕೈಗುರುತು. ಇಲ್ಲಿನ ತಪ್ಪು ಟಿಕೆಟ್ಟಿನದು. ನಡು, ಉತ್ತರ, ಪಶ್ಚಿಮ ವಲಯಗಳಿಗೆ ಬೇರೆ ಬೇರೆ ಟಿಕೆಟ್, ಸೈಕಲ್ಲಿಗೂ ಸ್ವಲ್ಪ ದುಡ್ಡು. ದುಡ್ಡು ಉಳಿಸಲು ಉತ್ತರ ವಲಯ ಬಿಟ್ಟವರು ವಾಟ್ ಸೀ ಚುಮ್ ಕಳೆದುಕೊಂಡಂತೆ. ಸೂರಿಲ್ಲದ ಚೌಕ ಗೋಡೆಗಳ ನಡುವೆ ಸುಮಾರು 15 ಮೀಟರ್ ಎತ್ತರದ ಬುದ್ಧ ಕೂತಿದ್ದಾನೆ. ಹೊರಗಿನಿಂದ ಸೀಳಿನಂಥ ಬಾಗಿಲಲ್ಲಿ ಮುಖದ ಒಂದು ಪಟ್ಟಿ ಕಾಣುತ್ತದೆ. ಒಳಗೆ ಕಾಲಿಟ್ಟರೆ ಕಣ್ಣೆದುರು ಒಂದು ಕೈ, ಉದ್ದುದ್ದ ಬೆರಳು. ಭಕ್ತರು ಚಿನ್ನದ ರೇಕು ಮೆತ್ತಿ ಮೆತ್ತಿ ತುದಿಗಳು ಮಿನುಗುತ್ತವೆ. ಪಶ್ಚಿಮದ ವಾಟ್ ಸಫಾನ್ ಹಿನ್ ಗುಡ್ಡದ ಮೇಲಿದೆ. ಹಾಸುಗಲ್ಲಿನ ದಾರಿ ಮಳೆಗಾಲದಲ್ಲಿ ಜಾರುತ್ತದೆ, ಹವಾಯಿ ಚಪ್ಪಲಿ ಬೇಡ.

ತಿಂಡಿಯಲ್ಲಿ ಮಾತ್ರ ಅಯುತ್ಥಯಾಗೇ ನಮ್ಮ ಓಟು, ಅದೂ 'ರೋಟಿ ಸಾಯ್ ಮಾಯ್' ದೆಸೆಯಿಂದ. ದೊಡ್ಡಾಸ್ಪತ್ರೆಯ ಎದುರಿನ ಅಂಗಡಿ ಸಾಲಿನಲ್ಲಿ ಕೈಯಲ್ಲೇ ಹಿಡಿದ ಮೆತ್ತನೆ ಹಿಟ್ಟಿನ ಉಂಡೆಯನ್ನು ಕಾದ ಹೆಂಚಿಗೆ ಒಮ್ಮೆ ಒರೆಸಿ ಎತ್ತಿಬಿಡುತ್ತಾರೆ. ಅಂಟಿ ಉಳಿದ ತೆಳುಪದರವೇ ರೋಟಿ. ಅದರೊಳಗೆ ಸಕ್ಕರೆಯ ರೇಷ್ಮೆ ಎಳೆ, ನಮ್ಮ ಜಾತ್ರೆಯ ಅಜ್ಜಿ ಕೂದಲಿನಂಥದ್ದು, ಇಟ್ಟು ಸುತ್ತಿ ತಿನ್ನುವುದು. ಗಾಳಿಯ ತೇವಕ್ಕೆ ಎಳೆಗಳು ಗಂಟಾಗುತ್ತವೆ, ಹಾಗಾಗಿ ಕೊಂಡ ದಿನವೇ ಮುಗಿಸಿ. ಸುಖೋಥಾಯ್ ನೂಡಲ್ಸಿನಲ್ಲಿ ಸಣ್ಣಗೆ ಹೆಚ್ಚಿದ ಅಲಸಂದೆ ಕಾಯಿ, ಕಡಲೆಕಾಯಿ, ತಾಳೆಬೆಲ್ಲ, ನಿಂಬೆಹುಳಿ ಸೇರಿ ನಮ್ಮ ನಾಲಿಗೆಗೆ ಹಿಡಿಸುವಂತಿರುತ್ತದೆ, ಆದರೆ ಹಂದಿಮಾಂಸದ ಸಾರು ಬಂದೇ ಬರುತ್ತದೆ. ಸಸ್ಯಾಹಾರಿಗಳು ಮಾಂಸ ಬೇಡವೆಂದರೆ ಸಾಲದು, ಮೀನಿನ ಸಾಸ್ 'ನಾಮ್ ಪ್ಲಾ' ಉಳಿದೇ ಇರುತ್ತದೆ. 'ಜೇ' (ಶುದ್ಧ ಸಸ್ಯಾಹಾರ) ಎಂದು ಕೇಳಿ. ಹಳದಿ ಬಾವುಟದ ಮೇಲೆ ಕೆಂಪಕ್ಷರವಿದ್ದ ಅಂಗಡಿಯಲ್ಲಿ ಬೆಳ್ಳುಳ್ಳಿ, ಈರುಳ್ಳಿ ಕೂಡ ಇರದು.

ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅಯುತ್ಥಯಾದ ನದಿಗಳು ಉಬ್ಬುತ್ತವೆ. ಚಾಯ್‌ವತ್ಥನಾರಾಮ್ ಮುಂದೆ ಪ್ರವಾಹ ತಡೆಗೋಡೆ ಎದ್ದರೆ ನದಿಯ ನೋಟ ಮುಚ್ಚಿತೆಂದೇ ಲೆಕ್ಕ. ನವೆಂಬರ್‌ನಿಂದ ಫೆಬ್ರವರಿ ಎರಡಕ್ಕೂ ಸರಿ. ಸುಖೋಥಾಯ್‌ಗೆ ಇನ್ನೊಂದು ಕಾರಣವೂ ಉಂಟು: ಲೋಯ್ ಕ್ರಥೋಂಗ್ ಹಬ್ಬ, ಸಾಮಾನ್ಯವಾಗಿ ನಮ್ಮ ಕಾರ್ತಿಕ ಹುಣ್ಣಿಮೆಯಂದೇ. ಬಾಳೆದಿಂಡಿನ ಬಿಲ್ಲೆಗೆ ಬಾಳೆಎಲೆ ಮಡಿಸಿ ಚುಚ್ಚಿ, ಹೂವು, ಮೇಣದಬತ್ತಿ, ಊದುಬತ್ತಿ ಇಟ್ಟು ಕೊಳದಲ್ಲಿ ತೇಲಿಬಿಡುತ್ತಾರೆ. ಆ ವಾರ ಹಳೇ ಊರಿನಲ್ಲಿ ರೂಮು ಸಿಗುವುದು ತಿಂಗಳುಗಟ್ಟಲೆ ಮೊದಲೇ ಹಿಡಿದವರಿಗೆ.

ಮೂರ್ನಾಲ್ಕು ದಿನ ಇದ್ದವರು ಆರಿಸುವ ಪೇಚಿಗೇ ಬೀಳಬೇಕಿಲ್ಲ. ಅಯುತ್ಥಯಾ, ಫಿಟ್ಸನುಲೋಕ್ ಎರಡೂ ಒಂದೇ ಉತ್ತರದ ರೈಲುಮಾರ್ಗದಲ್ಲಿವೆ. ಬೆಳಗಿನ ಆರ್ಡಿನರಿಯಲ್ಲಿ ಅಯುತ್ಥಯಾಕ್ಕೆ ಬಂದು, ಹಗಲೆಲ್ಲ ನೋಡಿ, ರಾತ್ರಿ ಅಲ್ಲೇ ತಂಗಿ, ಮರುದಿನ ಉತ್ತರಕ್ಕೆ ಹತ್ತಿ. ಅಲ್ಲಿಂದ ಫಿಟ್ಸನುಲೋಕ್‌ಗೆ ಹೋಗುವ ಟಿಕೆಟ್ಟನ್ನು ಮಾತ್ರ ಇಳಿದ ತಕ್ಷಣ, ದೋಣಿ ಹತ್ತುವ ಮೊದಲೇ ಕೊಂಡುಬಿಡಿ.