ಸಿಜೆ 3ಬಿ ಜೀಪು: ತೋಟದ ದುಡಿಮೆ ಮುಗಿಸಿ ಪ್ರಾಜೆಕ್ಟ್ ಗಾಡಿಯಾಗಿ ಮಾರುವಾಗ

ಮಾರುವ ಜೀಪಿಗೆ ಪೇಂಟ್ ಹೊಡೆಸಬೇಡಿ. ಪ್ರಾಜೆಕ್ಟ್ ಗಾಡಿ, ಅಂದರೆ ಬಿಚ್ಚಿ ದುರಸ್ತಿ ಮಾಡಿಕೊಳ್ಳಲೆಂದೇ ಕೊಳ್ಳುವ ಹಳೆ ಗಾಡಿ, ಹುಡುಕಿಕೊಂಡು ಬರುವವನು ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡೇ ಬರುತ್ತಾನೆ. ಪುಟ್ಟಿ ಮೆತ್ತಿದ ಕಡೆ ಅದು ಹಿಡಿಯುವುದಿಲ್ಲ. ಆಮೇಲೆ ಇಂಜಿನ್ ಬಗ್ಗೆ ನೀವು ಹೇಳುವ ನಿಜವನ್ನೂ ಅವನು ನಂಬುವುದಿಲ್ಲ. ಮಹೀಂದ್ರ ಸಿಜೆ 3ಬಿ ಗಾಡಿಗೆ ಬೆಲೆ ಬರುವುದು ಹೊಳಪಿನಿಂದಲ್ಲ. ಕಾಗದ, ಶಾಸಿ (ಗಾಡಿಯ ಅಡಿಚೌಕಟ್ಟು), ಮೂಲ ಇಂಜಿನ್, ಈ ಕ್ರಮದಲ್ಲಿ.

ಗಾಡಿಯ ಗುಣ ಮೊದಲು. 1953ರಲ್ಲಿ ವಿಲ್ಲೀಸ್ ಹೊರತಂದ ಮಾದರಿ ಇದು. ಭಾರತದಲ್ಲಿ ಮಹೀಂದ್ರ ದಶಕಗಟ್ಟಲೆ ತಯಾರಿಸಿತು. ಎತ್ತರದ ಬಾನೆಟ್ಟಿಗೆ ಕಾರಣ ಒಳಗಿರುವ 2199 ಸಿಸಿ ಹರಿಕೇನ್ ಪೆಟ್ರೋಲ್ ಇಂಜಿನ್. ಇನ್‌ಲೆಟ್ ವಾಲ್ವ್ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ. ಕಾಫಿ ಮೂಟೆ ಹೇರಿದ ಟ್ರೇಲರ್ ಎಳೆದು ಮಣ್ಣಿನ ಏರು ಹತ್ತಲು ಇದಕ್ಕಿರುವ ತಾಳ್ಮೆ ಹೊಸ ಗಾಡಿಗಳಿಗಿಲ್ಲ. ಆದರೆ ಚಕ್ರ ಒಂದು ಸುತ್ತು ಬರಲು ಶಾಫ್ಟ್ 5.38 ಸುತ್ತು ತಿರುಗಬೇಕಾದ ಕ್ರೌನ್ ಪಿನಿಯನ್ ಇರುವುದರಿಂದ ಹೆದ್ದಾರಿಯಲ್ಲಿ 60 ಕಿ.ಮೀ. ದಾಟಿದರೆ ಇಂಜಿನ್ ಅರಚುತ್ತದೆ. 80 ಇಂಚಿನ ವೀಲ್‌ಬೇಸ್. ಹಿಂದೆ ಕೂತವರಿಗೆ ಹಾಸನ ಮುಟ್ಟುವಷ್ಟರಲ್ಲಿ ಸೊಂಟ ಇರುವುದಿಲ್ಲ.

ಇಂಜಿನ್ ಸ್ಥಿತಿ ಹೇಳಲು ‘ಸ್ಟಾರ್ಟ್ ಆಗುತ್ತೆ’ ಎಂದರೆ ಸಾಲದು, ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಗೇಜಿನಲ್ಲಿ ಅಳೆದು ಬರೆದಿಡಿ. ಇಂಜಿನ್ ಬಿಸಿ ಇರಲಿ, ನಾಲ್ಕೂ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು ಸೆಲ್ಫ್ ಹೊಡೆಯಿರಿ. ಆರೋಗ್ಯವಂತ ಹರಿಕೇನ್ 120ರಿಂದ 130 ಪಿಎಸ್‌ಐ ತೋರಿಸುತ್ತದೆ. ಸಿಲಿಂಡರ್‌ಗಳ ನಡುವೆ 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ: ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್. ಅಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿ. ಕಾದು ಕಾದು ಓಡಿದ ಬ್ಲಾಕುಗಳಲ್ಲಿ ಎಕ್ಸಾಸ್ಟ್ ವಾಲ್ವ್ ಸೀಟಿನಿಂದ ಸಿಲಿಂಡರ್ ಕಡೆಗೆ ಬಿರುಕು ಬಿಡುವುದುಂಟು. ಅದು ಕೊಳ್ಳುವವನಿಗೆ ಹೆಡ್ ಬಿಚ್ಚಿದ ದಿನ ಗೊತ್ತಾಗಿಯೇ ಆಗುತ್ತದೆ, ಗೊತ್ತಿದ್ದರೆ ಮೊದಲೇ ಹೇಳಿಬಿಡಿ.

ವರ್ಷಗಟ್ಟಲೆ ನಿಂತ ಗಾಡಿಗೆ ನೇರ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯುವುದು ಬೇಡ. ಪ್ಲಗ್ ತೂತಿನಿಂದ ಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ, ಮುಂದಿನಿಂದ ಹ್ಯಾಂಡಲ್ ಹಾಕಿ ಕೈಯಲ್ಲೇ ತಿರುಗಿಸಿ. ಸೀಟಿನ ಕೆಳಗಿನ ಟ್ಯಾಂಕಿನಲ್ಲಿರುವ ಹಳೆ ಪೆಟ್ರೋಲ್ ಚೆಲ್ಲಿ. ಎಥನಾಲ್ ಬೆರೆತ ಪೆಟ್ರೋಲ್ ನೀರು ಹೀರುತ್ತದೆ, ಮಲೆನಾಡಿನ ತೇವಕ್ಕೆ ಟ್ಯಾಂಕಿನ ಒಳಗೆ ತುಕ್ಕು ಏಳುತ್ತದೆ, ಹಳೆ ಪಂಪಿನ ಡಯಾಫ್ರಮ್ (ಒಳಗಿನ ಪೊರೆ) ಹಾಳಾಗುತ್ತದೆ. ತೋರಿಸುವ ದಿನ ಹೊರಗಿಟ್ಟ ಕ್ಯಾನಿನಿಂದ ಪೈಪ್ ಕೊಟ್ಟರೆ ಸಾಕು.

ಗೇರ್‌ಬಾಕ್ಸ್ ಮೂರು ಗೇರಿನ ಟಿ 90. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಎರಡನೇ ಗೇರ್ ಹಾರಿ ನ್ಯೂಟ್ರಲ್ಲಿಗೆ ಬರುವುದು ಇದರ ಹಳೇ ಚಾಳಿ. ಅದರ ಹಿಂದೆ, ಶಕ್ತಿಯನ್ನು ಮುಂದಿನ ಹಿಂದಿನ ಎಕ್ಸೆಲ್‌ಗಳಿಗೆ ಹಂಚುವ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸಿನಲ್ಲಿ ಮೊದಲು ಸವೆಯುವುದು ನಡುವಿನ ಶಾಫ್ಟ್ ಮತ್ತು ಅದರ ಬೇರಿಂಗ್. ಹ್ಯಾಂಡ್‌ಬ್ರೇಕ್ ಡ್ರಮ್ ಇರುವುದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ. ಅಲ್ಲಿನ ಆಯಿಲ್ ಸೀಲ್ ಹೋದರೆ ಬ್ರೇಕ್ ಶೂ ಎಣ್ಣೆಯಲ್ಲಿ ನೆನೆದು ಹ್ಯಾಂಡ್‌ಬ್ರೇಕ್ ಹಿಡಿಯುವುದೇ ಇಲ್ಲ. ಕೇಬಲ್ ಎಷ್ಟು ಬಿಗಿ ಮಾಡಿದರೂ ವ್ಯರ್ಥ. ಫೋರ್ ವೀಲ್ ಕೆಲಸ ಮಾಡುತ್ತದೆಂದು ತೋರಿಸಲು ಕಣದ ಸಿಮೆಂಟಿನ ಮೇಲೆ ಗಾಡಿ ತಿರುಗಿಸಬೇಡಿ. ಮುಂದಿನ ಹಿಂದಿನ ಎಕ್ಸೆಲ್ ನಡುವೆ ವೇಗದ ವ್ಯತ್ಯಾಸ ಸರಿದೂಗಿಸುವ ಡಿಫರೆನ್ಷಿಯಲ್ ಇಲ್ಲ, ಗಟ್ಟಿ ನೆಲದಲ್ಲಿ ಜಾಯಿಂಟುಗಳು ತಿರುಚಿಕೊಳ್ಳುತ್ತವೆ. ಕೆಸರಿನಲ್ಲಿ ತೋರಿಸಿ.

ಮುಂದಿನ ಚಕ್ರ ತಿರುಗಲು ಇರುವ ಗುಂಡಗಿನ ಕೀಲು, ಅಂದರೆ ನಕಲ್, ಅದರ ಸುತ್ತಲಿನ ದೊಡ್ಡ ಸೀಲ್ ಒಂದು ಮಳೆಗಾಲ ಹರಿದಿದ್ದರೂ ಸಾಕು, ಕೆಸರು ನೀರು ಒಳಹೊಕ್ಕು ಆ ಕೀಲಿನ ಕಿಂಗ್‌ಪಿನ್ ಬೇರಿಂಗ್ ತಿನ್ನುತ್ತದೆ. 40–50 ಕಿ.ಮೀ. ವೇಗದಲ್ಲಿ ಸ್ಟೇರಿಂಗ್ ಗಡಗಡ ನಡುಗುವುದಕ್ಕೆ ಬಹಳ ಸಲ ಇದೇ ಮೂಲ. ಶಿಮ್ (ತೆಳು ತಗಡಿನ ಬಿಲ್ಲೆ) ಹೊಂದಿಸಿ ಬಿಗಿ ಕೂರಿಸಬೇಕು, ಸುಮ್ಮನೆ ವೀಲ್ ಬ್ಯಾಲೆನ್ಸ್ ಮಾಡಿಸಿ ಪ್ರಯೋಜನವಿಲ್ಲ. ಬ್ರೇಕು ನಾಲ್ಕೂ ಕಡೆ 9 ಇಂಚಿನ ಡ್ರಮ್, ಒಂದೇ ಸರ್ಕ್ಯೂಟ್. ಎಲ್ಲಿ ಸೋರಿದರೂ ಪೂರ್ತಿ ಬ್ರೇಕ್ ಹೋಯಿತು. ನಿಂತ ಗಾಡಿಯನ್ನು ಟೆಸ್ಟ್ ಡ್ರೈವ್‌ಗೆ ಕೊಡದಿರುವುದೇ ಜಾಣತನ.

ತುಕ್ಕಿನ ವಿಷಯದಲ್ಲಿ ತೋಟದ ಗಾಡಿಗೆ ಮಳೆಗಿಂತ ದೊಡ್ಡ ಶತ್ರು ಗೊಬ್ಬರ. ಪೊಟ್ಯಾಷ್ ಎಂದರೆ ಕ್ಲೋರೈಡ್ ಉಪ್ಪು. ಹರಿದ ಮೂಟೆಯಿಂದ ಉದುರಿದ್ದು ತೇವಕ್ಕೆ ಕರಗಿ ಹಿಂದಿನ ಫ್ಲೋರ್ ತಗಡಿನ ಕೆಳಗಿನ ಪಟ್ಟಿಗಳೊಳಗೆ ಇಳಿಯುತ್ತದೆ. ಮೇಲಿನಿಂದ ತಗಡು ಚೆನ್ನಾಗೇ ಕಾಣುತ್ತದೆ, ಸ್ಕ್ರೂಡ್ರೈವರಿನಲ್ಲಿ ಚುಚ್ಚಿದರೆ ಹಪ್ಪಳ. ಫ್ಲೋರ್ ಹೋದರೆ ಹೊಸ ತಗಡು ಕೂರಿಸಬಹುದು. ಶಾಸಿಯ ಹಿಂದಿನ ಕ್ರಾಸ್ ಮೆಂಬರ್ (ಅಡ್ಡಪಟ್ಟಿ), ಸ್ಪ್ರಿಂಗ್ ಪ್ಲೇಟ್ ತೂಗುವ ಜಾಗಗಳು ಹೋಗಿದ್ದರೆ ಲೆಕ್ಕವೇ ಬೇರೆ. ಗಾಡಿ ತೊಳೆದು, ಶಾಸಿ ಚಾನೆಲ್ ಒಳಗೆ ಕೂತ ಮಣ್ಣು ಕೆರೆದು, ಆ ಜಾಗಗಳ ಫೋಟೋ ಹತ್ತಿರದಿಂದ ತೆಗೆಯಿರಿ. ಶಾಸಿ ನಂಬರ್ ಇರುವ ಕಡೆ ಮಾತ್ರ ಗ್ರೈಂಡರ್ ಮುಟ್ಟಿಸಬೇಡಿ. ಸೀಮೆಎಣ್ಣೆ, ಬಟ್ಟೆ, ಪೆನ್ಸಿಲ್ ಅಚ್ಚು ಸಾಕು.

ಕಾಗದದ ವಿಚಾರದಲ್ಲೇ ಹೆಚ್ಚಿನ ವ್ಯಾಪಾರ ಮುರಿಯುವುದು. ಆರ್‌ಸಿ (ನೋಂದಣಿ ಪತ್ರ) ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ ಮೊದಲು 31ನೇ ಫಾರಂನಲ್ಲಿ ವಾರಸುದಾರರ ಹೆಸರಿಗೆ ಮಾಡಿಸಿ. ಹಳೆ ಪುಸ್ತಕದ ಆರ್‌ಸಿ ಸರ್ಕಾರದ ವಾಹನ್ ಪೋರ್ಟಲಿನಲ್ಲಿ ಕಾಣದಿದ್ದರೆ ನೋಂದಣಿಯಾದ ಕಚೇರಿಯಲ್ಲೇ ಬ್ಯಾಕ್‌ಲಾಗ್ ಎಂಟ್ರಿ (ಹಳೆ ದಾಖಲೆಯನ್ನು ಕಂಪ್ಯೂಟರಿಗೆ ಏರಿಸುವುದು) ಆಗಬೇಕು: ಚಿಕ್ಕಮಗಳೂರು ಕೆಎ 18, ಹಾಸನ ಕೆಎ 13, ಸಕಲೇಶಪುರ ಕೆಎ 46. 15 ವರ್ಷ ದಾಟಿದ ಖಾಸಗಿ ಗಾಡಿಗೆ 25ನೇ ಫಾರಂನಲ್ಲಿ 5 ವರ್ಷಕ್ಕೊಮ್ಮೆ ನವೀಕರಣ, ಅದಕ್ಕೆ ಗಾಡಿ ಹಾಜರುಪಡಿಸಬೇಕು. ಓಡದ ಗಾಡಿಗೆ ಇದೇ ಗಂಟು. ಅವಧಿ ಮುಗಿದಿದ್ದರೆ ಜಾಹೀರಾತಿನಲ್ಲೇ ಬರೆದು ಬೆಲೆ ಇಳಿಸಿ.

ತೋಟದ ಜೀಪುಗಳಲ್ಲಿ ಪೆಟ್ರೋಲ್ ಇಂಜಿನ್ ಕಿತ್ತು ಡೀಸೆಲ್ ಕೂರಿಸಿರುವುದು ಸಾಮಾನ್ಯ. ಆರ್‌ಸಿಯಲ್ಲಿ ಅದು ನಮೂದಾಗಿಲ್ಲದಿದ್ದರೆ ವರ್ಗಾವಣೆಗೆ ತಕರಾರು ಬರುತ್ತದೆ. ಇನ್ನೊಂದು ನಷ್ಟವೂ ಇದೆ. 2021ರ ನಿಯಮದಂತೆ 50 ವರ್ಷ ದಾಟಿದ, ಶಾಸಿ, ಬಾಡಿ, ಇಂಜಿನ್ ಮೂಲರೂಪದಲ್ಲೇ ಇರುವ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಮಾನ್ಯತೆ, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಡೀಸೆಲ್ ಹಾಕಿದ ಗಾಡಿ ಆ ಸಾಲಿನಿಂದ ಹೊರಗೆ. ಹಾಗಾಗಿ ಗೋಡೌನಿನಲ್ಲಿ ಬಿದ್ದಿರುವ ಹಳೆ ಬ್ಲಾಕನ್ನು ಗುಜರಿಗೆ ಹಾಕಬೇಡಿ. ನಂಬರ್ ಆರ್‌ಸಿಗೆ ಹೊಂದಿದರೆ ಸೀಜ್ ಆಗಿ ತಿರುಗದೆ ಹಿಡಿದುಕೊಂಡಿದ್ದರೂ ಅದನ್ನು ಗಾಡಿಯ ಜೊತೆಗೇ ಕೊಡಿ. ಮೀಟರ್ ಬೋರ್ಡ್, ಡೇಟಾ ಪ್ಲೇಟ್, ವಿಂಡ್‌ಸ್ಕ್ರೀನ್ ಫ್ರೇಮಿನ ಕ್ಲಾಂಪ್‌ಗಳನ್ನೂ ಚೀಟಿ ಕಟ್ಟಿ ಪೆಟ್ಟಿಗೆಗೆ ಹಾಕಿ. ಬೇರಿಂಗ್, ಸೀಲ್ ಎಲ್ಲಿ ಬೇಕಾದರೂ ಸಿಗುತ್ತವೆ, ಇವು ಸಿಗುವುದಿಲ್ಲ.

ಮಾರಲು ಜನವರಿಯಿಂದ ಏಪ್ರಿಲ್ ಒಳ್ಳೆ ಕಾಲ. ಜೂನ್ ನಂತರ ತೋಟದ ದಾರಿಗೆ ಲಾರಿ ಇಳಿಯುವುದಿಲ್ಲ. ಬ್ರೇಕಿಲ್ಲದ ಗಾಡಿಯನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋಗುತ್ತೇನೆ ಎನ್ನುವವರಿಗೆ ಒಪ್ಪಬೇಡಿ, ಘಾಟಿ ಇಳಿಯುವವರಿಗಂತೂ ಕೂಡದು. ದುಡ್ಡು ಖಾತೆಗೆ ಬಂದ ಮೇಲೆ ಮಾಲೀಕತ್ವ ವರ್ಗಾವಣೆಯ 29, 30ನೇ ಫಾರಂಗಳ ಸಹಿ ಮುಗಿಸಿ, ಪ್ರತಿ ಇಟ್ಟುಕೊಂಡು, ರಾಜ್ಯದೊಳಗಿನ ಮಾರಾಟವಾದರೆ 14 ದಿನದೊಳಗೆ ನೀವೇ ಆರ್‌ಟಿಓಗೆ ತಿಳಿಸಿ. ಹೊರರಾಜ್ಯಕ್ಕೆ ಹೋಗುವುದಾದರೆ 28ನೇ ಫಾರಂನ ಎನ್‌ಓಸಿ (ನಿರಾಕ್ಷೇಪಣಾ ಪತ್ರ) ಕೈಗೆ ಬರುವ ತನಕ ಗಾಡಿ ಶೆಡ್ಡಿನಲ್ಲೇ ಇರಲಿ.