ಕಾವಲೂರು ವೀಕ್ಷಣಾಲಯ: ಆಕಾಶದ ಬಗ್ಗೆ ಆಸಕ್ತಿ ಇರೋರು ಹೋಗ್ಲೇಬೇಕು

ಬೆಂಗಳೂರಿಂದ ತಮಿಳುನಾಡಿನ ವಾಣಿಯಂಬಾಡಿ ಕಡೆ ಹೋಗಿ ಜವ್ವಾದಿ ಬೆಟ್ಟ ಹತ್ತಿದ್ರೆ ಕಾವಲೂರಲ್ಲಿ ವೈನು ಬಾಪು ವೀಕ್ಷಣಾಲಯ ಸಿಗತ್ತೆ, ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯವರದ್ದೇ. 1986ರ, 2.34 ಮೀಟರ್ ಅಗಲದ ಕನ್ನಡಿ ಇರೋ ಟೆಲಿಸ್ಕೋಪ್ ಎದುರು ನಿಂತ್ರೆ ಮಾತೇ ಹೊರಡಲ್ಲ ಕಣ್ರೀ.

ನನಗೆ ತುಂಬಾ ಹಿಡಿಸಿದ್ದು ವಿಜ್ಞಾನಿಗಳ ಕೆಲಸದ ರೀತಿ. ಅವರು ಟೆಲಿಸ್ಕೋಪಿಗೆ ಕಣ್ಣಿಟ್ಟು ಕೂರಲ್ಲ, ತಿಂಗಳುಗಟ್ಟಲೆ ಮುಂಚೆ ಪ್ರಪೋಸಲ್ ಬರೆದು ಟೆಲಿಸ್ಕೋಪ್ ಬಳಸೋ ರಾತ್ರಿಗಳನ್ನ ಪಡೀಬೇಕು, ಬಂದ್ಮೇಲೆ ಸಂಜೆ ಬೆಳಕಲ್ಲೇ ಕ್ಯಾಮೆರಾ ಸರಿಮಾಡೋಕೆ ಫ್ಲಾಟ್ ಫ್ರೇಮ್ (ಸಮನಾದ ಬೆಳಕಿನ ಖಾಲಿ ಆಕಾಶದ ಫೋಟೋ) ತಗೊಂಡು, ರಾತ್ರಿಯೆಲ್ಲಾ ಕಂಟ್ರೋಲ್ ರೂಮಲ್ಲಿ ಸ್ಕ್ರೀನ್ ನೋಡ್ತಾ ಕೂರಬೇಕು, ಮೋಡ ಬಂದ್ರೆ ಡೋಮ್ ಮುಚ್ಚೋದೇ, ಆ ರಾತ್ರಿ ಹೋಯ್ತು. ಆಮೇಲೆ ಆ ಡೇಟಾದಿಂದ ಕ್ಯಾಮೆರಾದಿಂದ ಸೇರ್ಕೊಳ್ಳೋ ಬೇಡದ ಸಿಗ್ನಲ್ (ನಾಯ್ಸ್) ತೆಗೆದು, ಕೋಡ್ ಬರೆದು, ಸಂಶೋಧನಾ ಪೇಪರ್ ಮಾಡೋಕೆ ಎಷ್ಟೋ ತಿಂಗಳು. 1977ರಲ್ಲಿ ಯುರೇನಸ್ ಉಂಗುರಗಳ ಸುಳಿವು ಇಲ್ಲಿನ 1 ಮೀಟರ್ ಟೆಲಿಸ್ಕೋಪಿಗೂ ಸಿಕ್ಕಿತ್ತು ಅಂದ್ರೆ ಇಂಥ ತಾಳ್ಮೆಯಿಂದಲೇ.

ಒಂದು ಮಾತು, ದೊಡ್ಡ ಟೆಲಿಸ್ಕೋಪಲ್ಲಿ ನಮಗೆ ಗ್ರಹ ತೋರಿಸಲ್ಲ, ಅದು ಸಂಶೋಧನೆಗೆ ಮೀಸಲು, ಅದೇ ಸರಿ ಕೂಡ. ಮಳೆಗಾಲ ಬಿಟ್ಟು ಹೋಗಿ, ಸಂದರ್ಶಕರ ದಿನ-ಸಮಯ ಮೊದಲೇ ವಿಚಾರಿಸಿಕೊಳ್ಳಿ. 5ಕ್ಕೆ 5.